ಬೇಲಿ ಹೊರಗಿನ ಪಾಳಿ

ಚಿಕ್ಕೋಡಿಯ ನಮ್ಮ ಓಣಿಯಲ್ಲಿ ಮಣ್ಣು ಎಂಬುದು ಎಣ್ಣೆ ಡಬ್ಬಿಗಳಲ್ಲಿ ನೆಟ್ಟ ಹೂವಿನ ಗಿಡಗಳ ಬುಡದಲ್ಲಿ ಮಾತ್ರ ಉಳಿದಿತ್ತು. ನಾನು ಪಾಲಬಾವಿಯ ಒಕ್ಕಲುತನದ ಮನೆಯ ಮಗಳು. ಕಿರಾಣಿ ಅಂಗಡಿಯ ಮೇಲಿನ ಎರಡು ಕೋಣೆಗೆ ಸೊಸೆಯಾಗಿ ಬಂದ ಮೇಲೆ ಮಕ್ಕಳು ದೊಡ್ಡವರಾದರೂ ನನ್ನ ಕೈಗೆ ಮಣ್ಣು ಹತ್ತಲಿಲ್ಲ. ಪಕ್ಕದ ಮನೆಯ ತಾರಾಬಾಯಿಯದೂ ಅದೇ ಪಾಡು. ಸಂಜೆಯಾದರೆ ಇಬ್ಬರೂ ಅಂಗಡಿ ಕಟ್ಟೆಯ ಮೇಲೆ ಕೂತು ತವರಿನ ಹೊಲದ ಸುದ್ದಿ ತೆಗೆಯುತ್ತಿದ್ದೆವು. ಅವಳು ಸುಳ್ಳು ಬೆರೆಸಿಯೇ ಹೇಳುವವಳು. ಅವಳ ತವರಿನ ಸೌತೆಕಾಯಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿತ್ತು. ಆ ಸುಳ್ಳುಬುರುಕಿಯ ಜೊತೆ ಕೂತು ಒಮ್ಮೆ ಕಳೆ ತೆಗೆಯಬೇಕೆಂದು ನನಗೆ ಬಹಳ ಆಸೆಯಿತ್ತು.

೨೦೧೩ರಲ್ಲಿ ಯಾವುದೋ ಸಂಸ್ಥೆಯವರು ಬಂದು ಓಣಿಯ ಹಿಂದಿನ ಖುಲ್ಲಾ ಜಾಗಕ್ಕೆ ತಂತಿ ಬೇಲಿ ಹಾಕಿದರು. ಹೆಂಗಸರು ಕೂಡಿ ಅಲ್ಲಿ ಕಾಯಿಪಲ್ಯೆ ಬೆಳೆಯಬೇಕಂತೆ. ಅದರಿಂದ ಮನಸ್ಸಿಗೆ ಎಷ್ಟು ನೆಮ್ಮದಿಯಾಗುತ್ತದೆಂದು ಅವರು ಅಳೆಯುತ್ತಾರಂತೆ.

"ತಕ್ಕಡಿ ನಮ್ಮ ಅಂಗಡ್ಯಾಗ ಐತಿ, ಒಯ್ಯಿರಿ" ಎಂದೆ.

ತಾರಾಬಾಯಿ ನನ್ನ ಬೆನ್ನಿಗೊಂದು ಗುದ್ದಿ, ಇಬ್ಬರ ಹೆಸರನ್ನೂ ಬರೆಸಿದಳು.

ಚೀಟಿ ಎತ್ತಿದರು. ಅವಳು ಒಳಗಾದಳು, ನಾನು ಹೊರಗಾದೆ. ಸಂಸ್ಥೆಯ ಹುಡುಗಿ ಸಾರಿಕಾ ನನ್ನನ್ನು ಸಮಾಧಾನ ಮಾಡಿದಳು.

"ತೋಟ ಇದ್ದವರನ್ನೂ ಇಲ್ಲದವರನ್ನೂ ಹೋಲಿಸಿ ನೋಡಬೇಕ್ರಿ ಕಾಕು. ಈ ವರ್ಷ ನೀವು ಬೇಲಿ ಒಳಗ ಬರಂಗಿಲ್ಲ. ಮುಂದಿನ ವರ್ಷ ನಿಮ್ಮ ಪಾಳಿ."

ಸಂಜೆಯ ಕಟ್ಟೆ ನನ್ನೊಬ್ಬಳದಾಯಿತು. ಬೇಲಿಯಾಚೆ ತಾರಾಬಾಯಿ ನಗುವುದು ಕೇಳಿಸುತ್ತಿತ್ತು. ಯಾರ ಮಾತಿಗೆ ನಗುತ್ತಾಳೋ ಎಂದು ಹೊಟ್ಟೆ ಉರಿಯುತ್ತಿತ್ತು. ನಾವು ಜೈನರು, ಮನೆಯಲ್ಲಿ ಗಜ್ಜರಿ, ಮೂಲಂಗಿಯಂಥ ಗಡ್ಡೆ ತಿನ್ನುವುದಿಲ್ಲ. ಅದಕ್ಕೇ ಅವಳು ತನ್ನ ಪಾಲಿನ ಮಡಿಯಲ್ಲಿ ನನಗೆಂದು ಚವಳಿಕಾಯಿ ಹಾಕಿದ್ದಳು. ತಂದರೆ, "ಇಡು ಅಲ್ಲೇ" ಎಂದು ಮೋರೆ ತಿರುವುತ್ತಿದ್ದೆ. ಅವಳು ಹೋದ ಮೇಲೆ ಆ ಕಾಯಿಗಳನ್ನು ಮೂಸಿ ಮೂಸಿ ನೋಡುತ್ತಿದ್ದೆ.

ಸಾರಿಕಾ ಆಗಾಗ ಬಂದು ಕೇಳುವಳು: "ಮನಸ್ಸಿಗೆ ಬ್ಯಾಸರ ಆಗತೈತೇನ್ರಿ ಕಾಕು? ಆಗೊಮ್ಮೆ ಈಗೊಮ್ಮೆ, ಇಲ್ಲಾ ದಿನಾಲೂ?"

"ದಿನಾಲೂ" ಎನ್ನುತ್ತಿದ್ದೆ. ಅವಳು ಬರೆದುಕೊಂಡು, ಚಹಾ ಕುಡಿದು ಹೋಗುತ್ತಿದ್ದಳು.

ಅಂತೂ ವರ್ಷ ಕಳೆಯಿತು. ಪಾಳಿ ಬಂದ ದಿನ ಹಳೆ ಸೀರೆ ಉಟ್ಟು, ಸೆರಗು ಸಿಕ್ಕಿಸಿ, ತಾರಾಬಾಯಿಯ ಬಾಗಿಲು ಬಡಿದೆ.

"ನಡಿಯಬೇ ತಾರಾ, ಹೊತ್ತಾತು!"

ಅವಳು ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ನಾ ಎಲ್ಲಿಗೆ ಬರಲಿ ಸೋನಾಬಾಯಿ? ನಿನ್ನ ಪಾಳಿ ಬಂತಂದ್ರ ನಂದು ಮುಗೀತು. ಒಳಗಿದ್ದವರು ಹೊರಗ, ಹೊರಗಿದ್ದವರು ಒಳಗ. ನಿನಗ ಯಾರೂ ಹೇಳಿಲ್ಲೇನು?"

ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಬದನಿ ಗಿಡಕ್ಕ ಬಾಳ ನೀರು ಹಾಕಬ್ಯಾಡ" ಎಂದು ಹೇಳಿ ಅವಳು ಒಳಗೆ ಎದ್ದು ಹೋದಳು.

ನನಗೆ ಸಿಕ್ಕಿದ್ದು ಅವಳದೇ ಮಡಿ. ಮಣ್ಣು ಮೆತ್ತಗಿತ್ತು, ಒಂದು ಹರಳೂ ಇಲ್ಲದಂತೆ ಆರಿಸಿದ್ದಳು. ಎರಡೂ ಕೈ ಅದರೊಳಗೆ ಊರಿದೆ. ಎಷ್ಟು ವರ್ಷದ ಆಸೆ ಅದು! ಆದರೆ ಪಕ್ಕದಲ್ಲಿ ಸುಳ್ಳು ಹೇಳುವವರು ಯಾರೂ ಇರಲಿಲ್ಲ. ನನಗೆ ಅಳು ಬಂತು. ಸುತ್ತಲಿನ ಹೆಂಗಸರು ಖುಷಿಗೆ ಅಳುತ್ತಾಳೆ ಅಂದುಕೊಂಡರು.

ತಿಂಗಳಾದ ಮೇಲೆ ಸಾರಿಕಾ ತೋಟಕ್ಕೇ ಬಂದಳು. ಈ ಸಲ ನನ್ನ ಬೇಸರ ಇಳಿದೇ ಇರುತ್ತದೆಂದು ಅವಳಿಗೆ ಖಾತ್ರಿ.

"ಈಗ ಹೆಂಗ್ರಿ ಕಾಕು? ಆಗೊಮ್ಮೆ ಈಗೊಮ್ಮೆ ಅಂತ ಬರ್ಕೊಳ್ಳೇನ್ರಿ?"

"ದಿನಾಲೂ ಅಂತನ ಬರಿಯವಾ."

ಹುಡುಗಿಯ ಮುಖ ಸಪ್ಪಗಾಯಿತು. "ತೋಟ ಸಿಕ್ಕೈತಲ್ರಿ! ಇನ್ನೇನು ಬೇಕ್ರಿ ನಿಮಗ?"

"ತಾರಾಬಾಯಿನ್ನ ಒಳಗ ಬಿಡ್ರಿ. ಆಮ್ಯಾಲ ಕೇಳ್ರಿ."

"ಅಯ್ಯ, ಹಂಗ ಬಿಟ್ರ ನಿಮಗ ಖುಷಿ ಆಗಿದ್ದು ತೋಟದಿಂದೋ ಅವರಿಂದೋ ನಮಗ ಗೊತ್ತಾಗಂಗಿಲ್ರಿ ಕಾಕು."

"ನಿಮಗ ಗೊತ್ತಾಗದಿದ್ರ ಬಿಡವಾ," ಎಂದೆ, "ನನಗ ಗೊತ್ತೈತಿ."