ಪಕ್ಕದ ಮನೆಗೆ ತಲುಪದ ಸುದ್ದಿ

ನಮ್ಮ ಕಡೆ ಕೆಲಸ ಕೇಳಿಕೊಂಡು ಹೋಗುವ ಪದ್ಧತಿ ಇಲ್ಲ. ಹೇಳಿ ಕಳಿಸುತ್ತಾರೆ, ಆಮೇಲೆ ಹೋಗುತ್ತಾರೆ. ಆಳುಗಳನ್ನು ಕೂಡಿಸುವ ಮೇಸ್ತ್ರಿ ಬಂದು ಕರೆಯಬೇಕು, ಇಲ್ಲವೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಾತು ಕಳಿಸಬೇಕು. ತಾವಾಗಿ ಹೋಗಿ ಕೇಳುವುದೆಂದರೆ ಕರೆಯದ ಮನೆಗೆ ಊಟಕ್ಕೆ ಹೋದ ಹಾಗೆ ಅಂತ ಒಂದು ಬಿಗುಮಾನ. ಆ ಬಿಗುಮಾನ ಒಂದು ಮನೆಗೆ ಏನು ಮಾಡಿತು, ಕೇಳಿ. ನಾನು ಕವನಾ, ಸಂಸೆಯ ಸ್ವಸಹಾಯ ಸಂಘದವಳು. ಇದರಲ್ಲಿ ನನ್ನ ತಪ್ಪೂ ಇದೆ.

ಪಕ್ಕದ ಮನೆಯ ದಯಾನಂದಣ್ಣ ಇಪ್ಪತ್ತೆರಡು ವರ್ಷ ಒಂದೇ ಎಸ್ಟೇಟಿನಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನೋಡಿಕೊಂಡಿದ್ದವರು. ಸಿಪ್ಪೆ ಬಿಡಿಸಿ ತೊಳೆದು ಕಣದಲ್ಲಿ ಒಣಹಾಕಿದ ಕಾಫಿಯ, ಅಂದರೆ ಪಾರ್ಚ್‌ಮೆಂಟಿನ, ಒಂದು ಬೀಜ ಹಲ್ಲಲ್ಲಿ ಕಚ್ಚಿ, "ಇನ್ನೊಂದು ಬಿಸಿಲು ಬೇಕು" ಅಂದರೆ ಮುಗಿಯಿತು, ಸಾಹುಕಾರರೂ ಎದುರಾಡುತ್ತಿರಲಿಲ್ಲ. ಕಳೆದ ವರ್ಷ ಆ ಎಸ್ಟೇಟ್ ಮಾರಾಟವಾಯಿತು. ಕೊಂಡವರು ಪಲ್ಪರ್ ಮನೆ ಕೆಡವಿ ಹೋಂಸ್ಟೇ ಕಟ್ಟಿದರು. ಹಳೇ ಸಾಹುಕಾರರು ಹೊರಡುವಾಗ, "ಎಲ್ಲಾದ್ರೂ ಜಾಗ ಇದ್ರೆ ಹೇಳಿ ಕಳಿಸ್ತೀನಿ ದಯಾನಂದ" ಅಂದಿದ್ದರು. ಆ ಒಂದು ಮಾತು ನಂಬಿ ಅಣ್ಣ ಮಳೆಗಾಲವಿಡೀ ಜಗುಲಿಯಲ್ಲಿ ಕೂತರು.

ಅವರ ಹೆಂಡತಿ ರೇವತಕ್ಕ ನನ್ನನ್ನು ಕರೆದು, "ನೀನಾದ್ರೂ ಒಂದು ಮಾತು ಹೇಳು ಮಾರಾಯ್ತಿ" ಅಂದರು.

"ದಯಣ್ಣ, ಈಗ ಯಾರೂ ಹೇಳಿ ಕಳಿಸಲ್ಲ, ವಾಟ್ಸಾಪಲ್ಲಿ ಹಾಕ್ತಾರೆ. ನಿಮ್ಮದು ಕೀಪ್ಯಾಡ್ ಫೋನಾದ್ರೆ ಎಂತ, ನನ್ನ ಫೋನಿಂದ ಕಳ್ಸುವ. ಹೆಸರು, ಊರು, ಯಾವ ಕೆಲಸ, ಎಷ್ಟು ವರ್ಷ, ನಿಮ್ಮ ನಂಬರ್. ಬರೆಯೋದೂ ಬೇಡ, ಬಾಯಲ್ಲಿ ಹೇಳಿದ್ರೆ ಸಾಕು."

"ಸಂತೇಲಿ ದನ ತೋರಿಸಿದ ಹಾಗೆ ನನ್ನ ತೋರಿಸ್ಕೊಬೇಕಾ? ನನ್ನ ಕೆಲಸ ಗೊತ್ತಿದ್ದವ್ರು ಕರೀತಾರೆ."

"ಗೊತ್ತಿದ್ದವ್ರು ನಿಮ್ಮ ಹಳೇ ಸಾಹುಕಾರ್ರು ಒಬ್ರೇ ಅಲ್ವಾ ಅಣ್ಣ? ಅವ್ರೂ ಮಂಗಳೂರು ಸೇರಿದ್ರು."

"ನಿನ್ನ ಫೋನು ನೀನೇ ಇಟ್ಕೋ, ಹೋಗು!"

ನನಗೆ ಮೈಯೆಲ್ಲ ಉರಿಯಿತು. ಒಳ್ಳೆಯದು ಹೇಳಿದರೆ ಕೆಟ್ಟವಳಾದೆನಲ್ಲ ಅಂತ ಮಾತೇ ಬಿಟ್ಟೆ.

ಡಿಸೆಂಬರ್ ಬಂತು, ಹಣ್ಣಿನ ಕೊಯ್ಲು. ಒಂದು ಸಂಜೆ ಫೋನಿಗೆ ಸುದ್ದಿ ಬಂತು: ದೇವರಮನೆ ಬೆಟ್ಟದ ಕಡೆಯ ಎಸ್ಟೇಟಿಗೆ ಪಲ್ಪರ್ ಕೆಲಸ ಬಲ್ಲವರು ಬೇಕು, ಇರಲು ಮನೆ ಕೊಡುತ್ತೇವೆ. ಅದನ್ನು ಐದು ಗ್ರೂಪಿಗೆ ಕಳಿಸಿದೆ. ಗೋಡೆಯಾಚೆ ಅಣ್ಣ ಕೆಮ್ಮುವುದು ಕೇಳುತ್ತಿತ್ತು. ಹೋಗಿ ಹೇಳಲಿಲ್ಲ. ಬೇಕಾದರೆ ಅವರೇ ಬಂದು ಕೇಳಲಿ ಅಂದುಕೊಂಡೆ. ನೋಡಿ, ನನಗೂ ಅದೇ ಬಿಗುಮಾನ!

ಫೆಬ್ರವರಿಯಲ್ಲಿ ಕೊನೆಗೂ ಒಬ್ಬ ಮೇಸ್ತ್ರಿ ಅಣ್ಣನಿಗೆ ಹೇಳಿ ಕಳಿಸಿದ. ಪಲ್ಪರಿಗಲ್ಲ, ಕಾಳುಮೆಣಸು ಕೊಯ್ಯಲು. ಮನೆಯಲ್ಲಿ ಅಕ್ಕಿ ಮುಗಿದಿತ್ತು, ಅಣ್ಣ ಹೋದರು. ಏಣಿ ಹತ್ತಿ ಅಭ್ಯಾಸವಿಲ್ಲದ ಮನುಷ್ಯ. ಎರಡನೇ ದಿನವೇ ಬಿದ್ದರು, ಸೊಂಟ ಮುರಿಯಿತು.

ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಹೋದೆ.

"ದಯಣ್ಣ, ಡಿಸೆಂಬರಲ್ಲಿ ಒಂದು ಕೆಲಸ ಇತ್ತು. ನಿಮ್ಮದೇ ಕೆಲಸ. ನಾನು ಹೇಳ್ಲಿಲ್ಲ."

ಅಣ್ಣ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನಾನೂ ಕೇಳ್ಲಿಲ್ಲಲ್ಲ" ಅಂದರು. "ಆ ಫೋನ್ ತಾ."

ನಾನು ರೆಕಾರ್ಡ್ ಒತ್ತಿ ಹಿಡಿದೆ, ಮಲಗಿದಲ್ಲಿಂದಲೇ ಹೇಳಿದರು: "ನಮಸ್ಕಾರ. ನಾನು ಸಂಸೆಯ ದಯಾನಂದ. ಪಲ್ಪರ್, ಕಣ, ಪಾರ್ಚ್‌ಮೆಂಟ್ ಎಲ್ಲ ಇಪ್ಪತ್ತೆರಡು ವರ್ಷ ಮಾಡಿದೀನಿ. ಈಗ ನಿಲ್ಲಕ್ಕಾಗಲ್ಲ. ಕೂತು ಮಾಡೋ ಕೆಲಸ ಇದ್ರೆ ಹೇಳಿ." ಕೊನೆಗೆ ತಮ್ಮ ನಂಬರನ್ನೂ ಹೇಳಿದರು, ನಾನು ಅದನ್ನು ಆ ಐದೂ ಗ್ರೂಪಿಗೆ ಕಳಿಸಿದೆ.

ರೇವತಕ್ಕ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದರು.

ಮೂರನೇ ದಿನ ನಾನು ಅಲ್ಲಿದ್ದಾಗಲೇ ಅಣ್ಣನಿಗೆ ಫೋನ್ ಬಂತು. ದೇವರಮನೆ ಕಡೆಯ ಅದೇ ಎಸ್ಟೇಟಿನ ರೈಟರ್ ಜಯಪ್ರಕಾಶ್. "ಡಿಸೆಂಬರ್ ಪೂರ್ತಿ ನಿಮ್ಮಂಥವ್ರನ್ನೇ ಹುಡುಕಿದ್ವಲ್ಲ ಮಾರಾಯ್ರೆ! ಎಲ್ಲಿದ್ರಿ ನೀವು?"

ಅಣ್ಣ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಮುಂದಿನ ಕೊಯ್ಲಿಗೆ ಕಣದ ಪಕ್ಕ ಕುರ್ಚಿ ಹಾಕಿಕೊಡುತ್ತಾರಂತೆ, ಕೂತು ಹೊಸಬರಿಗೆ ಕಲಿಸಬೇಕಂತೆ. ಕೊಯ್ಲಿನ ಮೂರು ತಿಂಗಳು ಮಾತ್ರ. ಕಾಫಿ ಬೀಜ ಆರಿಸಲು ಬಲ್ಲ ರೇವತಕ್ಕ ಈಗ ತಮ್ಮ ಕೆಲಸ, ನಂಬರ್ ಎರಡನ್ನೂ ನನ್ನ ಫೋನಿಂದ ತಾವೇ ಹೇಳಿ ಕಳಿಸಿದ್ದಾರೆ. ಆದರೆ ಅಣ್ಣ ಇನ್ನು ಕೋಲಿಲ್ಲದೆ ನಡೆಯಲಾರರು.

ಅಕ್ಕಂದಿರೇ, ಅಣ್ಣಂದಿರೇ, ಬಲ್ಲ ಕೆಲಸವನ್ನು ಬಲ್ಲೆ ಅನ್ನುವುದಕ್ಕೆ ನಾಚಿಕೆ ಬೇಡ. ನಾಲ್ಕು ಜನಕ್ಕೆ ಗೊತ್ತಾಗಲಿ. ರೀಚಾರ್ಜ್ ಆಫರ್ ಸಿಕ್ಕಿತೆಂದು ಪದೇ ಪದೇ ನಂಬರ್ ಬದಲಿಸಬೇಡಿ, ಹುಡುಕುವವರಿಗೆ ಸಿಗುವುದಿಲ್ಲ. ಕೆಲಸ ಕೊಡಿಸುತ್ತೇನೆ, ಮೊದಲು ದುಡ್ಡು ಹಾಕು ಅಂದವರನ್ನು ನಂಬಬೇಡಿ. ಕೈಯಲ್ಲಿ ದೊಡ್ಡ ಫೋನ್ ಇರುವವರೇ, ಸುದ್ದಿ ಬಂದಾಗ ಗ್ರೂಪಿಗೆ ಕಳಿಸಿ ಸುಮ್ಮನಾಗಬೇಡಿ. ಅಂಥ ಫೋನ್ ಇಲ್ಲದ ಪಕ್ಕದ ಮನೆಗೆ ನಾಲ್ಕು ಹೆಜ್ಜೆ ನಡೆದು ಹೋಗಿ ಹೇಳಿ.

ನಾನು ಹೋಗಲಿಲ್ಲ.