ಡಾಕ್ಟರಮ್ಮನ ಪರೀಕ್ಷೆ

ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಗುಮಾಸ್ತನಾಗಿದ್ದ ಸೂಗಪ್ಪನಿಗೆ ಎಲ್ಲ ಪರೀಕ್ಷೆಗೂ ತಯಾರಿ ಬೇಕು. ಊಟ, ಮಾತು ಎರಡನ್ನೂ ಕಡಿಮೆ ಮಾಡಿದ್ದ ಮಗಳು ಮಂದಾಕಿನಿಯನ್ನು ಮನಸ್ಸಿನ ಡಾಕ್ಟರರಿಗೆ ತೋರಿಸುವ ಮುಂಚೆ ವಾರವಿಡೀ ಉತ್ತರ ಬಾಯಿಪಾಠ ಮಾಡಿಸಿದ್ದ.

ಡಾಕ್ಟರಮ್ಮ ಗುಲ್ಬರ್ಗ ಕಡೆಯವರು. "ನಿದ್ದಿ ಬರ್ತದೇನವ್ವಾ?"

"ಛಲೋ ಬರ್ತದರಿ."

"ಅಳು?"

"ಇಲ್ಲರಿ."

ಸೂಗಪ್ಪ ತಲೆದೂಗಿದ.

"ಮುಂಜಾನೆ ಎದ್ದಕೂಡಲೆ ಏನನ್ನಸ್ತದ?"

ಇದನ್ನು ಕಲಿಸಿರಲಿಲ್ಲ. ಹುಡುಗಿ ತಂದೆಯತ್ತ ತಿರುಗಿದಳು. "ಅಪ್ಪಾ, ಇದಕ್ಕೇನು ಹೇಳಲಿ?"

"ನಿನಗನಿಸಿದ್ದು ಹೇಳವ್ವ," ಎಂದರು ಡಾಕ್ಟರಮ್ಮ.

"ಯಾಕರ ಎಚ್ಚರಾತೋ ಅನ್ನಸ್ತದರಿ."

ಸೂಗಪ್ಪ ಎದ್ದು ನಿಂತು ಹೇಳಿದ:

"ಮೊದಲಿನವು ನನ್ನ ಉತ್ತರರಿ ಅಮ್ಮಾರ, ಹೊಡದು ಹಾಕ್ರಿ. ಇದೊಂದ ಆಕೀದು."

ಡಾಕ್ಟರಮ್ಮ ಆ ಉತ್ತರಗಳನ್ನು ಬರೆದುಕೊಂಡೇ ಇರಲಿಲ್ಲ.