ಕೆಂಪು ಬಟ್ಟೆ ಕಟ್ಟಿದ ಮರ

ನಮ್ಮೂರು ಯುನ್‌ಕೆಂಗ್‌ನಲ್ಲಿ ಪ್ರತಿ ಮನೆಯ ತೋಟದಲ್ಲೂ ಯಾಂಗ್‌ಮೆ ಎಂಬ ಹುಳಿಸಿಹಿ ಹಣ್ಣಿನ ಒಂದು ಮರಕ್ಕೆ ಕೆಂಪು ಬಟ್ಟೆ ಕಟ್ಟಿರುತ್ತದೆ. ಹರಕೆ ಹೊತ್ತ ಮರವೆಂದು ಹೊರಗಿನವರು ಕೈಮುಗಿದದ್ದೂ ಉಂಟು. ಹರಕೆಯೂ ಇಲ್ಲ, ಮಣ್ಣೂ ಇಲ್ಲ. ಅದು ಮನೆಯವರು ತಿನ್ನುವ ಹಣ್ಣಿನ ಮರ. ಔಷಧಿ ಹೊಡೆಯುವವನು ಆ ಬಟ್ಟೆ ಕಂಡರೆ ಪಂಪು ನಿಲ್ಲಿಸಿ ಮುಂದೆ ಹೋಗಬೇಕು. ಹಣ್ಣು ಕೀಳುವವರು ಅದರ ಹಣ್ಣನ್ನು ಬೇರೆ ಬುಟ್ಟಿಗೆ ಹಾಕಬೇಕು.

ಉಳಿದ ಮರಗಳ ಹಣ್ಣು ನನ್ನ ಮೈದುನ ಮಾವ್‌ಗೆನ್‌ನ ಮಂಡಿಗೆ ಹೋಗುತ್ತದೆ. ಯಾಂಗ್‌ಮೆಗೆ ಸಿಪ್ಪೆಯಿಲ್ಲ, ಕಿತ್ತ ಎರಡನೆಯ ದಿನಕ್ಕೆ ನೀರೊಡೆಯುತ್ತದೆ. ಅದಕ್ಕೇ ಮಾವ್‌ಗೆನ್ ಅಂಗಳದಲ್ಲಿ ಒಂದು ನೀಲಿ ತೊಟ್ಟಿ ಇಟ್ಟ. ಅದರ ನೀರಿಗೆ ಒಂದು ಬಿಳಿ ಪುಡಿ ಸಿಹಿಯಾಗಲು, ಇನ್ನೊಂದು ಕೆಡದಿರಲು. ಬೆಳಿಗ್ಗೆ ಕಲಸಿದ ನೀರು ಸಂಜೆಯವರೆಗೂ ಅದೇ. ಬುಟ್ಟಿ ಅದ್ದಿ ಎತ್ತಿದರೆ ಹಣ್ಣು ಮದುಮಗಳ ಹಾಗೆ ಹೊಳೆಯುತ್ತದೆ. ನಾಲ್ಕು ವರ್ಷ ನಾನೂ ಅದ್ದಿದ್ದೇನೆ. ಎಲ್ಲರೂ ಮಾಡುತ್ತಾರೆ, ಹತ್ತರ ಜೊತೆ ಹನ್ನೊಂದು ಎಂದುಕೊಂಡಿದ್ದೆ. ಈಗ ನೆನೆದರೆ ನನ್ನ ಕೈಗಳ ಮೇಲೆ ನನಗೇ ಸಿಟ್ಟು ಬರುತ್ತದೆ.

ಈ ಬೇಸಿಗೆಯಲ್ಲಿ, ನಗರಕ್ಕೆ ಮದುವೆಯಾಗಿ ಹೋಗಿದ್ದ ನನ್ನ ಮಗಳು, ಶಿನ್‌ಲಾನ್, ಅಲ್ಲಿನ ಆಸ್ಪತ್ರೆ ಸೇರಿದಳು. ಐದು ತಿಂಗಳ ಬಸುರಿ, ಹುಳಿಹಣ್ಣಿನ ಬಯಕೆ. ಪ್ರತಿ ವರ್ಷ ಕೆಂಪು ಬಟ್ಟೆಯ ಮರದ ಹಣ್ಣನ್ನೇ ಅವಳಿಗೆ ಕಳಿಸುತ್ತಿದ್ದೆ. ಈ ಸಲ ಆ ಮರ ತಡವಾಗಿ ಹಣ್ಣು ಬಿಟ್ಟಿತು, ಅವಳಿಗೆ ತಡೆಯಲಾಗಲಿಲ್ಲ. ಮಾರುಕಟ್ಟೆಯಲ್ಲಿ ಒಂದು ಡಬ್ಬಿ ಕೊಂಡು ಅಷ್ಟನ್ನೂ ತಿಂದಳು. ಮೂರು ದಿನ ವಾಂತಿ, ಭೇದಿ, ಕೈಗೆ ಗ್ಲೂಕೋಸು. ಪುಣ್ಯಕ್ಕೆ ಹೊಟ್ಟೆಯ ಕೂಸಿಗೆ ಏನೂ ಆಗಲಿಲ್ಲ. ಹಣ್ಣಿನಿಂದಲೇ ಹೀಗಾಯಿತೆಂದು ಡಾಕ್ಟರೇನೂ ಆಣೆ ಮಾಡಿ ಹೇಳಲಿಲ್ಲ. ಬೀದಿಯಲ್ಲಿ ಸಿಕ್ಕಿದ್ದನ್ನೆಲ್ಲ ತಿನ್ನುತ್ತೀಯಾ ಎಂದು ನಾನು ಫೋನಿನಲ್ಲಿ ಅವಳನ್ನೇ ಬೈದೆ.

"ಬೀದೀದಲ್ಲ ಅಮ್ಮ," ಅಂದಳು. "ಡಬ್ಬಿ ಮೇಲೆ ಯುನ್‌ಕೆಂಗ್ ಅಂತಿತ್ತು. ನಮ್ಮೂರ ಹಣ್ಣಲ್ವಾ ಅಂತ ತಗೊಂಡೆ."

ತೊಟ್ಟಿ ಬರುವ ಮುಂಚೆಯೇ ಮದುವೆಯಾಗಿ ಹೋದವಳು ಅವಳು. ಹೇಳಬೇಕಾದವಳು ನಾನು, ಹೇಳಿರಲಿಲ್ಲ. ಒಳ್ಳೆಯದನ್ನು ಅವಳಿಗೆ ಕಳಿಸಿ, ಉಳಿದದ್ದನ್ನು ಕಂಡವರ ಮಕ್ಕಳಿಗೆ ಮಾರಿ ಹಾಯಾಗಿದ್ದೆ.

ನಗರದಲ್ಲಿ ಆ ಹಣ್ಣು ತಿಂದು ಕಾಯಿಲೆ ಬಿದ್ದ ಇನ್ನೂ ಕೆಲವರು ದೂರು ಕೊಟ್ಟಿದ್ದರಂತೆ. ಆಹಾರ ಇಲಾಖೆಯವರು ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂದದ್ದೇ ತಡ, ಮಾವ್‌ಗೆನ್ ತೊಟ್ಟಿ ತೊಳೆದು ಅದರಲ್ಲಿ ಬಾತುಕೋಳಿ ಬಿಟ್ಟ. ಆಮೇಲೆ ನನ್ನ ಮನೆಗೆ ಬಂದು ಬೆಣ್ಣೆ ಹಚ್ಚಿದ. ನನ್ನ ಕೆಂಪು ಬಟ್ಟೆಯ ಮರದ ಹಣ್ಣೇ ಊರಿಗೆಲ್ಲ ಚೆಂದವಂತೆ. ಒಂದು ಬುಟ್ಟಿ ಕೊಟ್ಟರೆ ಮಂಡಿಯ ಮಾದರಿ ಇದೇ ಎಂದು ಒಪ್ಪಿಸುತ್ತಾನಂತೆ. ನಾನು ಒಪ್ಪದಿದ್ದಾಗ ಬೆಣ್ಣೆ ಕರಗಿತು.

"ಊರಿನ ಅನ್ನದ ಪ್ರಶ್ನೆ ಅತ್ತಿಗೆ. ನೀವು ಕೊಡಲ್ಲ ಅಂದ್ರೆ ನಾಳೆಯಿಂದ ನಿಮ್ಮ ಒಂದು ಬುಟ್ಟೀನೂ ನಾ ಮುಟ್ಟಲ್ಲ."

ಹೊರಗೆ ಮೂವತ್ತಾರು ಮರ ಹಣ್ಣು ಹೊತ್ತು ಬಾಗಿದ್ದವು. ಈ ಕಣಿವೆಯಲ್ಲಿ ಬೇರೆ ಮಂಡಿಯಿಲ್ಲ. ಆಗಲಿ, ತರುತ್ತೇನೆ ಎಂದೆ.

ಮರುದಿನ ಬುಟ್ಟಿ ತೆಗೆದುಕೊಂಡು ಹೋದೆ. ಮಂಡಿಯ ಹಿಂದೆ ಟಾರ್ಪಾಲಿನಡಿ ಬಚ್ಚಿಟ್ಟಿದ್ದ ಡಬ್ಬಿಗಳಲ್ಲಿ ಒಂದನ್ನೂ ಎತ್ತಿಕೊಂಡೆ. ತಪಾಸಣೆಗೆ ಬಂದ ಹೆಂಗಸು ಮೇಜಿನ ಮುಂದೆ ಕೂತಿದ್ದಳು. ಬಾಗಿಲಲ್ಲಿ ಅರ್ಧ ಊರು. ನಾನು ಎರಡು ಬಟ್ಟಲಲ್ಲಿ ಉಪ್ಪುನೀರು ಹಾಕಿ, ಒಂದರಲ್ಲಿ ಮನೆಯ ಹಣ್ಣು, ಇನ್ನೊಂದರಲ್ಲಿ ಡಬ್ಬಿಯ ಹಣ್ಣು ಬಿಟ್ಟೆ. ಸ್ವಲ್ಪ ಹೊತ್ತಿಗೆ ಮನೆಯ ಹಣ್ಣಿನಿಂದ ಅಕ್ಕಿನುಚ್ಚಿನಷ್ಟು ಬಿಳಿ ಹುಳಗಳು ಒಂದೊಂದಾಗಿ ಮೇಲೆ ಬಂದವು. ಹೆಂಗಸು ಕುರ್ಚಿ ಹಿಂದಕ್ಕೆಳೆದಳು. ಇನ್ನೊಂದು ಬಟ್ಟಲಿನ ನೀರಲ್ಲಿ ಒಂದು ಹುಳವೂ ಇರಲಿಲ್ಲ. ಔಷಧಿ ಹೊಡೆದು ತೊಟ್ಟಿಯಲ್ಲಿ ಅದ್ದಿದ ಹಣ್ಣಲ್ಲಿ ಹುಳವೂ ಬದುಕುವುದಿಲ್ಲ.

ಒಂದು ಹಣ್ಣು ತಿನ್ನು ಎಂದು ಮಾವ್‌ಗೆನ್‌ಗೆ ಹೇಳಿದೆ. ಎಲ್ಲರೂ ನೋಡುತ್ತಿದ್ದರು, ಇಲ್ಲ ಅನ್ನುವಂತಿರಲಿಲ್ಲ. ಅವನ ಕೈ ಯೋಚನೆ ಮಾಡದೆ ಹೋಯಿತು. ಹುಳ ತೇಲುವ ಬಟ್ಟಲಿಗೇ ಹೋಯಿತು. ಒಂದನ್ನು ಬಾಯಿಗೆಸೆದು, ಅಗಿದು, ಬೀಜ ಉಗಿದ. ನಾವೆಲ್ಲ ಹುಳ ಸಮೇತ ತಿಂದು ಬೆಳೆದವರು, ಅದರಲ್ಲಿ ನಮಗೆ ಹೇಸಿಗೆಯಿಲ್ಲ. ಈಗ ಇದರಲ್ಲೊಂದು ಎಂದು ಇನ್ನೊಂದು ಬಟ್ಟಲು ತಳ್ಳಿದೆ. ಹಲ್ಲು ಚುಳ್ಳೆನ್ನುತ್ತದೆ ಅಂದ.

"ಈಗ ತಾನೇ ತಿಂದ್ಯಲ್ಲೋ, ಆಗ ಎಲ್ಲಿ ಹೋಗಿತ್ತು ಹಲ್ಲು?"

ಬಾಗಿಲಲ್ಲಿ ಯಾರೋ ನಕ್ಕು, ತಕ್ಷಣ ಕೆಮ್ಮಿದರು. ಆ ಹೆಂಗಸಿಗೆ ಅಷ್ಟು ಸಾಕಾಯಿತು. ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು ಪೆನ್ನು ತೆಗೆದಳು.

"ಅಕ್ಕಾ, ಇದಕ್ಕೆ ಏನೋ ಹಾಕಿದಾರೆ ಅಲ್ವಾ? ಯಾರ್ಯಾರು ಹಾಕಿದ್ದು, ಹೆಸರು ಹೇಳ್ತೀರಾ?"

ಬಾಗಿಲಲ್ಲಿದ್ದವರೆಲ್ಲ ನೆಲ ನೋಡತೊಡಗಿದರು. ಅವರ ಹೆಸರು ಹೇಳುವುದು ನನ್ನ ಕೆಲಸವಲ್ಲ, ಅವರಿಗೂ ಬಾಯಿದೆ.

"ಝಾನ್ ಚಿಯೂಹೆ," ಅಂದೆ. "ನಾನೇ. ನಾಲ್ಕು ವರ್ಷ ಅದ್ದಿದೀನಿ. ಮೊದಲು ನಂದು ಬರ್ಕೊಳ್ಳಿ."

ಮಂಡಿಗೆ ಬೀಗ ಬಿತ್ತು. ನನಗೂ ದಂಡ ಹಾಕಿದರು. ಹಣ್ಣು ಮರದಡಿ ಉದುರಿ, ಕೊಳೆತು, ಗುಡ್ಡವೆಲ್ಲ ಹೆಂಡದ ವಾಸನೆ ಹೊಡೆಯಿತು. ಊರವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ತಿರುಗಿಸಲಿ, ಕತ್ತು ಅವರದು. ಹಣ್ಣು ಉದುರುವುದನ್ನು ನೋಡಿ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು. ಆದರೂ ಆ ತೊಟ್ಟಿಯ ಮುಂದೆ ನಾನು ಇನ್ನು ಬಗ್ಗುವವಳಲ್ಲ.

ಹಣ್ಣೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಪೆಟ್ಟಿಗೆಯಿಂದ ನನ್ನ ಮದುವೆಯ ಕೆಂಪು ರಜಾಯಿ ಹೊದಿಕೆ ತೆಗೆದು ಪಟ್ಟಿ ಪಟ್ಟಿಯಾಗಿ ಹರಿದೆ. ಏಣಿ ಹಾಕಿ, ಉಳಿದ ಮೂವತ್ತಾರು ಮರಕ್ಕೂ ಒಂದೊಂದು ಕಟ್ಟುತ್ತ ಬಂದೆ. ಬೇಲಿಯಾಚೆ ಹೋಗುತ್ತಿದ್ದ ಮಾವ್‌ಗೆನ್ ನಿಂತು ನೋಡಿದ.

"ಇಷ್ಟೂ ಮರದ್ದು ಮನೆಯವರೇ ತಿಂತೀರಾ ಅತ್ತಿಗೆ?" ಎಂದು ಹಂಗಿಸಿದ.

"ತಿನ್ನೋರೆಲ್ಲ ಯಾರದೋ ಒಂದು ಮನೆಯವರೇ ಕಣೋ," ಅಂದೆ.

ನಾನು ಏಣಿಯನ್ನು ಮುಂದಿನ ಮರಕ್ಕೆ ಒರಗಿಸಿದೆ.